ಹೇಳಿದ ತಪ್ಪಿಗೆ

ನಾನು ಪಾಠ ಮಾಡುತ್ತಿದ್ದ ತರಗತಿಯಲ್ಲಿ ರಸಾಯನಶಾಸ್ತ್ರವನ್ನು ಇಷ್ಟಪಟ್ಟು ಓದುತ್ತಿದ್ದವಳು ಒಬ್ಬಳೇ, ದರ್ಜಿಯ ಮಗಳು. ಹದಿನೇಳು ತುಂಬುವ ಮೊದಲೇ ಅವಳಿಗೆ ಮದುವೆ ಮಾಡಿದರು. ಹನ್ನೆರಡನೇ ತರಗತಿ ಮುಗಿಸಲು ಬಿಡುತ್ತೇವೆಂದು ಗಂಡಿನ ಕಡೆಯವರು ಮಾತು ಕೊಟ್ಟಿದ್ದರು. ಅದನ್ನು ನಂಬಿ ನಾನೂ ಮದುವೆಯ ಊಟ ಮುಗಿಸಿ, ಕೈ ಒರೆಸಿಕೊಂಡು ಬಂದೆ. ನಾಚಿಕೆಯಾಗಬೇಕು ನನಗೆ.

ಆ ಮನೆಯಲ್ಲಿ ಹೊಸ ಸೊಸೆ ಮೊದಲ ವರ್ಷ ಹಿರಿಯರೆದುರು ಬಾಯಿ ತೆರೆಯುವಂತಿಲ್ಲ. ಹಸಿವಾದರೂ, ಜ್ವರ ಬಂದರೂ ನಾದಿನಿಯ ಮೂಲಕ ಹೇಳಿಸಬೇಕು. ಆ ನಾದಿನಿಯೂ ನನ್ನ ವಿದ್ಯಾರ್ಥಿನಿಯೇ. ಪಾಠದ ಟಿಪ್ಪಣಿಗಳನ್ನು ಅತ್ತಿಗೆಗೆ ಒಯ್ದು ಕೊಡುತ್ತಿದ್ದಳು. ಪಾತ್ರೆ ಉಜ್ಜುತ್ತಾ ಹುಡುಗಿ ಸಮೀಕರಣಗಳನ್ನು ಬಾಯಿಪಾಠ ಮಾಡುತ್ತಿದ್ದಳಂತೆ. ಪ್ರಯೋಗಾಲಯಕ್ಕಾದರೂ ಕಳಿಸಿ ಎಂದು ಕೇಳಲು ನಾನೇ ಹೋದೆ.

"ಅವಳೇನು ಔಷಧಿ ಅಂಗಡಿ ಇಡಬೇಕಾ ಮೇಷ್ಟ್ರೇ?" ಅತ್ತೆ ನಕ್ಕಳು.

"ಮಾತು ಕೊಟ್ಟಿದ್ರಲ್ಲಮ್ಮ?"

"ಪರೀಕ್ಷೆ ಬರೀಲಿ, ಬೇಡ ಅಂದೋರ್ಯಾರು? ಮೊದಲು ಬಾಯಿ ಮುಚ್ಚಿಕೊಂಡಿರೋದು ಕಲೀಲಿ."

ಮರುವಾರ ನಾದಿನಿಯನ್ನು ನೋಡಲು ಗಂಡಿನವರು ಬರುವವರಿದ್ದರು. ಕಿಟಕಿಯಿಲ್ಲದ ಬಚ್ಚಲಿಗೆ ಅತ್ತೆ ಬ್ಲೀಚಿಂಗ್ ಪುಡಿ ಚೆಲ್ಲಿ, ಆಸಿಡ್ ಬಾಟಲಿಯ ಮುಚ್ಚಳ ತಿರುಗಿಸಿದಳು. ಹುಡುಗಿಗೆ ತಡೆಯಲಾಗಲಿಲ್ಲ.

"ಅತ್ತೆ, ಎರಡೂ ಸೇರಬಾರದು. ವಿಷದ ಗಾಳಿ ಬರುತ್ತೆ."

"ನೀನು ಹುಟ್ಟೋಕೆ ಮುಂಚಿಂದ ಬಚ್ಚಲು ತೊಳೀತಿದೀನಿ. ನಂಗೇ ಪಾಠ ಹೇಳ್ತೀಯಾ?"

ಬಾಟಲಿಯನ್ನು ಪೂರ್ತಿ ಸುರಿದು, ಪೊರಕೆಯ ಜೊತೆ ಸೊಸೆಯನ್ನು ಒಳಗೆ ನೂಕಿ, ಹೊರಗಿನಿಂದ ಚಿಲಕ ಹಾಕಿದಳು. ನೆಲ ಬೆಳ್ಳಗಾದ ಮೇಲೆ ತೆಗೆಯುತ್ತಾಳಂತೆ. ಒಳಗೆ ಕೆಮ್ಮು ಶುರುವಾಯಿತು, ಆಮೇಲೆ ಬಾಗಿಲು ಬಡಿಯುವ ಸದ್ದು. "ನಾಟಕ" ಎಂದ ಮಾವ, ಪತ್ರಿಕೆಯಿಂದ ತಲೆಯೆತ್ತದೆ. ಓಡಿಹೋದ ನಾದಿನಿಯನ್ನು ಜಡೆ ಹಿಡಿದೆಳೆದು ಕೂರಿಸಿದರು. ಸದ್ದು ಪೂರ್ತಿ ನಿಂತ ಮೇಲೆಯೇ ಚಿಲಕ ತೆಗೆದದ್ದು.

ಸಂಜೆ ನಾನು ಹೋದಾಗ ದರ್ಜಿ ತನ್ನ ಮಗಳ ಶವದ ಕಾಲ ಬಳಿ ಕುಳಿತಿದ್ದ. ಅತ್ತೆ ಬಂದವರಿಗೆಲ್ಲ ಕಣ್ಣೊರೆಸಿಕೊಳ್ಳುತ್ತಾ ಹೇಳುತ್ತಿದ್ದಳು: "ಅಷ್ಟೊಂದು ಓದಿದ ಹುಡುಗಿ. ಯಾವುದಕ್ಕೆ ಯಾವುದನ್ನ ಬೆರೆಸಬಾರದು ಅಂತ ಇಷ್ಟೂ ತಿಳೀಬಾರದಾ?"

ಗೋಡೆಗೆ ಒರಗಿ ಕೂತಿದ್ದ ನಾದಿನಿ ಎದ್ದು ನಿಂತಳು.

"ಅತ್ತಿಗೆ ಹೇಳಿದ್ರು ಅಮ್ಮ. ಸುರಿದದ್ದೂ ನೀನೇ, ಚಿಲಕ ಹಾಕಿದ್ದೂ ನೀನೇ. ಪೊಲೀಸರಿಗೂ ಇದನ್ನೇ ಹೇಳ್ತೀನಿ. ಇನ್ನು ಈ ಮನೇಲಿ ನನ್ನ ಮದುವೆ ಮಾತು ಎತ್ತಬೇಡಿ."

"ಬಾಯಿ ಮುಚ್ಚೇ!" ಮಾವ ಮಗಳನ್ನು ಗದರಿದ.

ಅವಳು ಮೊದಲಿನಿಂದ ಮತ್ತೊಮ್ಮೆ ಹೇಳಿದಳು, ಈ ಸಲ ಬೀದಿಯವರಿಗೂ ಕೇಳಿಸುವಂತೆ.