ಅತ್ತಿಗೆಯ ಬಲ ತಿರುವು

ಮೊದಲ ಬಲ ತಿರುವು ಬಂದಾಗ ಅತ್ತಿಗೆ ಸೈಕಲ್ಲಿನಿಂದಿಳಿದು ಶೂ ಲೇಸು ಕಟ್ಟಲು ಕೂತರು. ಎರಡನೆಯದಕ್ಕೆ ಬಾಯಾರಿಕೆಯಾಯಿತು. ಮೂರನೆಯದರಲ್ಲಿ ಬೇಲಿಯ ಮೇಲಿನ ಹಳದಿ ಹೂವನ್ನು ಎಷ್ಟು ಹೊತ್ತು ಮೆಚ್ಚಿದರೆಂದರೆ, ಮುಂದೆ ಹೋಗಿದ್ದ ನಾದಿನಿ ಸೈಕಲ್ ತಿರುಗಿಸಿಕೊಂಡು ವಾಪಸು ಬರಬೇಕಾಯಿತು.

"ಏನಾಯ್ತು ಅತ್ತಿಗೆ?"

"ಏನಿಲ್ಲ ಕಣೇ. ಲೇಸು ಮತ್ತೆ ಬಿಚ್ಕೊಳ್ತು."

"ನಿಮ್ಮ ಶೂಗೆ ಲೇಸೇ ಇಲ್ವಲ್ಲ! ಅಂಟಿಸೋ ಪಟ್ಟಿ ಇರೋದು."

ಅತ್ತಿಗೆ ಕಾಲು ನೋಡಿಕೊಂಡರು. ಹೌದು, ಪಟ್ಟಿಯೇ. ಆ ಶೂ ಕೊಡಿಸಿದವಳೂ ಇವಳೇ. ನಾದಿನಿ ಹಲ್ಲಿನ ಡಾಕ್ಟರು. ಬಾಯಿ ತೆರೆಸಿ ಒಳಗಿನದನ್ನು ನೋಡುವುದೇ ಅವಳ ಕಸುಬು. ಅವಳ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಆ ಮನೆಯಲ್ಲಿ ಯಾರೂ ಇಲ್ಲ.

"ನಿಜ ಹೇಳಿ. ಕಾಲು ನೋಯ್ತಿದ್ಯಾ?"

"ಕಾಲಿಗೇನು ಧಾಡಿ! ನಂಗೆ ಬಲಕ್ಕೆ ತಿರುಗೋಕೆ ಬರಲ್ಲ."

"ಬರಲ್ಲ ಅಂದ್ರೆ?"

"ಎಡಕ್ಕೆ ಬರುತ್ತೆ. ಬಲಕ್ಕೆ ಬರಲ್ಲ."

ಆದದ್ದು ಇಷ್ಟು. ಈ ಪರದೇಶದ ಸೈಕಲ್ ಪ್ರವಾಸಕ್ಕೆ ನಾದಿನಿಯ ಜೊತೆ ಬರಬೇಕಿದ್ದ ಗೆಳತಿ ಕೈ ಮುರಿದುಕೊಂಡಳು. ಖಾಲಿಯಾದ ಜಾಗಕ್ಕೆ ನಾದಿನಿ ಅತ್ತಿಗೆಯನ್ನು ಬಾಯುಪಚಾರಕ್ಕೆ ಕರೆದಳು. "ನೀವು ತುಳಿಯೋದೇನೂ ಬೇಡ, ಸಾಮಾನಿನ ವ್ಯಾನ್ ಹಿಂದೆ ಬರುತ್ತೆ, ಅದರಲ್ಲಿ ಕೂತ್ಕೊಂಡು ಬನ್ನಿ" ಅಂದಳು. ಆ ಮಾತು ಅತ್ತಿಗೆಗೆ ನಾಟಿತು. ಮದುವೆಯಾಗಿ ಬಂದಾಗಿನಿಂದ ಅವರು ನೋಡಿದ ಊರುಗಳನ್ನೆಲ್ಲ ನೋಡಿದ್ದು ಜೀಪಿನ ಹಿಂದಿನ ಸೀಟಿನಿಂದ. ಮಡಿಲಲ್ಲಿ ಬುತ್ತಿ, ಕಾಲಡಿ ನೀರಿನ ಕ್ಯಾನು, ಹೆಗಲಿಗೊರಗಿ ವಾಂತಿ ಮಾಡುವ ಯಾರದೋ ಮಗು. ಬೆಟ್ಟವಿರಲಿ, ಹೊಳೆಯಿರಲಿ, ಮುಂದಿನವರೆಲ್ಲ ನೋಡಿ ಮುಗಿಸಿದ ಮೇಲೆ ಅವರ ಕಣ್ಣಿಗೆ ಬೀಳುತ್ತಿತ್ತು. ಇನ್ನೊಂದು ದೇಶಕ್ಕೆ ಹೋಗಿಯೂ ಮೂಟೆಗಳ ನಡುವೆ ಮೂಟೆಯಾಗಿ ಕೂರಲು ಅವರು ತಯಾರಿರಲಿಲ್ಲ. "ನಾನು ಸೈಕಲ್ಲಲ್ಲೇ ಬರ್ತೀನಿ" ಅಂದುಬಿಟ್ಟರು. ಸೈಕಲ್ ಕಲಿತದ್ದು ಆಮೇಲೆ.

ಕಲಿತದ್ದೂ ಎಲ್ಲಿ? ತಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ. ಅಲ್ಲಿ ನೆಲದ ಮೇಲೆ ಬಿಳಿ ಬಾಣದ ಗುರುತುಗಳು, ಎಲ್ಲವೂ ಎಡಕ್ಕೆ. ಬಾಣಕ್ಕೆ ಎದುರಾಗಿ ಕಾರು ಬಂದರೂ ಸರಿ, ಅತ್ತಿಗೆ ಬಂದರೂ ಸರಿ, ವಾಚ್‌ಮನ್ ಬಿಡುವವನಲ್ಲ. ಅತ್ತಿಗೆಯೂ ನಿಯಮ ಮೀರುವ ಪೈಕಿ ಅಲ್ಲ. ಗಾಣದೆತ್ತಿನ ಹಾಗೆ ಕಂಬ ಸುತ್ತಿದರು, ಎಡಕ್ಕೆ, ಬರೀ ಎಡಕ್ಕೆ, ಕಣ್ಣು ನೆಲದ ಬಾಣದ ಮೇಲೆ. ಲೋಕದಲ್ಲಿ ಬಲಕ್ಕೂ ತಿರುವುಗಳಿರುತ್ತವೆ ಎಂಬುದು ಅವರಿಗೆ ಹೊಳೆದದ್ದು ಇವತ್ತು ಬೆಳಗ್ಗೆ, ಹೋಟೆಲಿನ ಗೇಟು ದಾಟಿದ ಮೇಲೆಯೇ.

ನಾದಿನಿ ಸೈಕಲ್ಲನ್ನು ಬೇಲಿಗೆ ಒರಗಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಗುಂಪನ್ನು ಕರೆದೊಯ್ಯುತ್ತಿದ್ದ ಗೈಡ್ ಬಂದು ಏನೆಂದು ಕೇಳಿದ. ಕಾಲೇ ಮುಕ್ಕಾಲು ಪಾಲು ಇದ್ದ ಆ ಮನುಷ್ಯನಿಗೆ ಅತ್ತಿಗೆ ಬೆಳಗ್ಗೆಯೇ ಕೊಕ್ಕರೆ ಎಂದು ಹೆಸರಿಟ್ಟಿದ್ದರು. ನಾದಿನಿ ಇಂಗ್ಲಿಷಿನಲ್ಲಿ ವಿವರಿಸಿದಳು. ಕೊಕ್ಕರೆ ನಗಲಿಲ್ಲ. ಎದುರಿನ ಗುಡ್ಡ ತೋರಿಸಿ ಏನೋ ಹೇಳಿದ. ರಸ್ತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತ ಮೇಲೇರಿತ್ತು. ಆ ದಿನದ ವಸತಿ ಅದರ ತುದಿಯಲ್ಲಿ.

"ಆ ಏರಲ್ಲಿ ಇಳಿದ್ರೆ ಮತ್ತೆ ಹತ್ತೋದು ಕಷ್ಟ ಅಂತಾನೆ. ವ್ಯಾನಲ್ಲಿ ಬನ್ನಿ ಅತ್ತಿಗೆ, ಹಟ ಮಾಡ್ಬೇಡಿ."

ಅಷ್ಟರಲ್ಲಿ ವ್ಯಾನೂ ಬಂತು. ಡ್ರೈವರ್ ಬಾಗಿಲು ಸರಿಸಿ, ಎರಡು ಬ್ಯಾಗು ಅತ್ತ ನೂಕಿ, ಒಬ್ಬರು ಕೂರುವಷ್ಟು ಜಾಗ ಮಾಡಿಕೊಟ್ಟ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಆ ಜಾಗ ನೋಡಿದ್ದೇ ಅತ್ತಿಗೆಗೆ ಅಳು ಬಂತು, ಸಿಟ್ಟೂ ಬಂತು. ಬಾಯಿಗೆ ಬಂದದ್ದು ಸಿಟ್ಟು.

"ಆ ಬ್ಯಾಗುಗಳನ್ನ ಇದ್ದಲ್ಲೇ ಇಡೋಕೆ ಹೇಳು. ನಾನು ಹತ್ತಲ್ಲ."

"ಬಿದ್ರೆ?"

"ಬಿದ್ರೆ ಏಳ್ತೀನಿ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು!"

ಬಿದ್ದರು. ಏರಿನ ಮೊದಲ ತಿರುವು ಎಡಕ್ಕಿತ್ತು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ದಾಟಿದರು. ಎರಡನೆಯದು ಹತ್ತಿರವಾಗುತ್ತಿದ್ದಂತೆ ಕಣ್ಣು ಅಭ್ಯಾಸಬಲದಿಂದ ನೆಲಕ್ಕೆ ಹೋಯಿತು. ಹ್ಯಾಂಡಲ್ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಸೈಕಲ್ ಖಾಲಿ ರಸ್ತೆಯನ್ನು ಅಡ್ಡ ದಾಟಿ ಹುಲ್ಲಿಗೆ ನುಗ್ಗಿತು. ಮೊಣಕೈ ತರಚಿತು. ಹಿಂದೆಯೇ ಬರುತ್ತಿದ್ದ ವ್ಯಾನ್ ನಿಂತಿತು, ಆದರೆ ಡ್ರೈವರ್ ಈ ಸಲ ಬಾಗಿಲು ತೆಗೆಯಲಿಲ್ಲ.

ಕೊಕ್ಕರೆ ಸೈಕಲ್ ಎತ್ತಿ, ತಿರುವಿನ ಕೆಳಗೆ ತುಸು ಸಮತಟ್ಟಾಗಿದ್ದ ಕಡೆ ತಂದು, ಸೀಟು ಹಿಡಿದು ಅವರನ್ನು ಹತ್ತಿಸಿದ. ನೆಲ ತೋರಿಸಿ, ಬೇಡ ಎಂದು ತಲೆಯಲ್ಲಾಡಿಸಿದ. ಆಮೇಲೆ ತನ್ನ ಕಣ್ಣು ಮುಟ್ಟಿಕೊಂಡು, ತಿರುವಿನಾಚೆ ಮೇಲಿನ ರಸ್ತೆಯಂಚಿನಲ್ಲಿದ್ದ ಒಂಟಿ ಮರದ ಕಡೆ ಬೆರಳು ಚಾಚಿದ. ಇದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ಅತ್ತಿಗೆ ಮರ ನೋಡಿದರು. ನೆಲ ನೋಡಲಿಲ್ಲ, ಹ್ಯಾಂಡಲ್ ನೋಡಲಿಲ್ಲ. ಹಲ್ಲು ಕಚ್ಚಿ ತುಳಿದರು. ಭುಜ ತಾನಾಗಿ ಬಲಕ್ಕೆ ವಾಲಿತು, ಅದರ ಹಿಂದೆ ಸೈಕಲ್ಲೂ ವಾಲಿತು. ನೋಡುನೋಡುತ್ತಿದ್ದಂತೆ ಮರ ಮೂಗಿನ ನೇರಕ್ಕೆ ಬಂದು ನಿಂತಿತು.

"ಬಂತು!" ಎಂದು ಕೂಗಿದರು. ಯಾರಿಗೆ ಕೂಗಿದೆನೆಂದು ಅವರಿಗೇ ಗೊತ್ತಿರಲಿಲ್ಲ. "ಬಂತು, ಬಂತು!"

ಮುಂದಿನ ಬಲ ತಿರುವಿಗೆ ಅವರೇ ಆಸೆಯಿಂದ ಕಾದರು. ಅದೂ ಬಂತು. ಅದರಾಚೆಯ ಏರಿನಲ್ಲಿ, ಮುಂದೆ ಹೋಗಿದ್ದ ನಾದಿನಿ ಸೈಕಲ್ ತಳ್ಳಿಕೊಂಡು, ಏದುಸಿರು ಬಿಡುತ್ತ ನಡೆಯುತ್ತಿದ್ದಳು. ಅವಳ ಸೈಕಲ್ಲಿಗೆ ಎಷ್ಟು ಗೇರಿದ್ದವೋ ಅಷ್ಟೂ ಮುಗಿದಿದ್ದವು.

"ಅತ್ತಿಗೆ! ಒಂದ್ನಿಮಿಷ ನಿಲ್ಲಿ, ನಾನೂ ಬರ್ತೀನಿ!"

"ನಿಲ್ಲೋಕಾಗಲ್ಲ ಕಣೇ! ನಿಂತ್ರೆ ಮತ್ತೆ ಹತ್ತೋಕಾಗಲ್ಲ!"

ಹೀಗೆಂದು ಅವಳನ್ನು ದಾಟಿ ಹೋದರು. ಇಷ್ಟು ವರ್ಷದಲ್ಲಿ ನಾದಿನಿಯನ್ನು ಅವರು ಯಾವುದರಲ್ಲೂ ದಾಟಿದವರಲ್ಲ. ಖುಷಿ ತಡೆಯಲಾಗದೆ ಇನ್ನೂ ಜೋರಾಗಿ ತುಳಿದರು. ಅಷ್ಟು ಜೋರು ಬೇಕಿರಲಿಲ್ಲ.

ಗುಡ್ಡದ ತುದಿಯ ವಸತಿಗೃಹದ ಅಂಗಳದಲ್ಲಿ ಮೊದಲೇ ಬಂದಿದ್ದವರು ಎದ್ದು ಚಪ್ಪಾಳೆ ತಟ್ಟಿದರು. ಅತ್ತಿಗೆ ಇಳಿದು, ಸೈಕಲ್ ಹಿಡಿದುಕೊಂಡು ನಿಂತರು. ಕೊಕ್ಕರೆ ಅದನ್ನು ಒಳಗಿಡಲು ಕೈಚಾಚಿದ. ಅವರು ಕೊಡಲಿಲ್ಲ. ಬಹಳ ಹೊತ್ತಿನ ಮೇಲೆ ನಾದಿನಿ ಮುಖ ಕೆಂಪಗೆ ಮಾಡಿಕೊಂಡು ಬಂದಾಗಲೂ ಹಾಗೇ ನಿಂತಿದ್ದರು.

"ಬಿಡಿ ಅತ್ತಿಗೆ, ಒಳಗಿಡ್ತಾರಂತೆ."

"ಬಿಡೋಕಾಗ್ತಿಲ್ಲ ಕಣೇ. ಬೆರಳು ಮರಗಟ್ಟಿವೆ."

ನಾದಿನಿ ತನ್ನ ಸೈಕಲ್ಲನ್ನು ಅಲ್ಲೇ ನೆಲಕ್ಕೆ ಮಲಗಿಸಿ ಹತ್ತಿರ ಬಂದಳು. ಅತ್ತಿಗೆಯ ಬಲಗೈಯ ಕಿರುಬೆರಳಿನಿಂದ ಶುರುಮಾಡಿ, ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸಿ, ತನ್ನ ಅಂಗೈಯಲ್ಲಿಟ್ಟು ಉಜ್ಜಿದಳು. ಎಡಗೈ ಇನ್ನೂ ಹ್ಯಾಂಡಲ್ ಮೇಲೆಯೇ ಇತ್ತು.