ಗದ್ದ ಇಡುವ ಜಾಗ

“ಇದನ್ನ ಎಲ್ಲಿ ಇಡೂದವಾ?” ಎಂದು ಕೇಳುತ್ತ ಜಟ್ಟೆಪ್ಪನವರು ಗೋಡೆಯಿಂದ ಇಳಿಸಿದ ಬೇಸ್ ಗಿಟಾರನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಪಡಸಾಲೆಯ ನಡುವೆ ನಿಂತಿದ್ದರು. ಕೂಸು ಎತ್ತಿಕೊಂಡು ರೂಢಿಯಿಲ್ಲದ ಗಂಡಸರು ನಿಲ್ಲುತ್ತಾರಲ್ಲ, ಹಾಗೆ. ತಮ್ಮ ತೀರಿಹೋಗಿದ್ದಾನೆ. ಅದೇ ಗೋಡೆಗೆ ಅವನನ್ನು ಒರಗಿಸಿ ಕೂರಿಸಬೇಕು, ವಿಭೂತಿ ಹಚ್ಚಬೇಕು. ಭಜನೆಯವರು ಆಗಲೇ ತಾಳ ಹಿಡಿದುಕೊಂಡು ಬಂದು ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಾರೆ. ಅಂಥದರಲ್ಲಿ ಈ ಮಣಭಾರದ ಸಾಮಾನು ಬೇರೆ.

ಗದಿಗೆವ್ವ ಕಣ್ಣೊರೆಸಿಕೊಂಡು ಎದ್ದಳು. “ಅಟ್ಟದ ಮ್ಯಾಲೆ ಬ್ಯಾಡ್ರಿ ಭಾವಾರ. ಅವರ ಮಗ್ಗಲದಾಗ ಇಡ್ರಿ,” ಎಂದಳು.

ಜಟ್ಟೆಪ್ಪನವರು ತಡೆದು ನಿಂತರು. ಸತ್ತವರ ಪಕ್ಕದಲ್ಲಿ ಗಿಟಾರು ಇಟ್ಟದ್ದನ್ನು ಅವರು ತಮ್ಮ ಜನ್ಮದಲ್ಲಿ ಕಂಡವರಲ್ಲ. ಆದರೆ ತಮ್ಮನ ಹೆಂಡತಿಯ ಮುಖ ನೋಡಿ, ತಮ್ಮನನ್ನು ಕೂರಿಸಿದ ಮೇಲೆ ಬಲಮಗ್ಗುಲಿಗೆ ಅದನ್ನು ಹುಷಾರಾಗಿ ಆನಿಸಿ ಇಟ್ಟರು.

ಶಂಭುಲಿಂಗ ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ಮೋಟರ್ ರಿವೈಂಡಿಂಗ್ ಮಾಡುತ್ತಿದ್ದವನು. ಸುಟ್ಟ ಪಂಪ್‌ಸೆಟ್ಟು, ಗಿರಣಿಯ ಮೋಟರು, ಕೋಲ್ಡ್ ಸ್ಟೋರೇಜಿನ ಫ್ಯಾನು, ಯಾವುದೇ ಬರಲಿ, ಒಳಗಿನ ಕರಕಲು ತಂತಿ ಕಿತ್ತು ಹೊಸದು ಸುತ್ತಿ ಕೊಡುತ್ತಿದ್ದ. ಅದು ಹಗಲಿನ ಮಾತಾಯಿತು. ಲಗ್ನದ ಸುಗ್ಗಿ ಬಂತೆಂದರೆ, ಗಣಪತಿ ಕೂತನೆಂದರೆ, ಸಂಜೆಯ ಬಸ್ಸಿಗೆ ರಾಣೇಬೆನ್ನೂರಿಗೆ ಹೋಗಿ ಅಲ್ಲಿಯ ಮೆಲೋಡಿ ಪಾರ್ಟಿಯಲ್ಲಿ ತಗ್ಗು ದನಿಯ ಈ ನಾಲ್ಕು ತಂತಿಯ ಬೇಸ್ ಗಿಟಾರ್ ಬಾರಿಸುತ್ತಿದ್ದ. ಹೀಗೇ ಮೂವತ್ತು ವರ್ಷ. ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಅರ್ಧ ಸುತ್ತಿದ ಮೋಟರಿನ ಮುಂದೆ ಕುಳಿತಲ್ಲೇ ಎದೆ ಹಿಡಿದುಕೊಂಡು ಒರಗಿದವನು ಮತ್ತೆ ಏಳಲಿಲ್ಲ.

ಬೆಳಗಿನಿಂದ ಜನ ಬರುತ್ತಲೇ ಇದ್ದರು. ಕಾಗಿನೆಲೆ ಕಡೆಯ ರೈತನೊಬ್ಬ ಮೆಣಸಿನ ಗಿಡ ಬಾಡಿ ನಿಂತಾಗ ಈ ಪುಣ್ಯಾತ್ಮ ಊಟಕ್ಕೂ ಏಳದೆ ಮೋಟರು ಸುತ್ತಿಕೊಟ್ಟದ್ದನ್ನು ಹೇಳಿ ಅತ್ತ. ಪಕ್ಕದ ಮನೆಯ ಉಡಚವ್ವ ತನ್ನ ಮಿಕ್ಸರಿಗೆ ಆತ ಎಷ್ಟು ಸಲ ಜೀವ ಕೊಟ್ಟಿದ್ದನೆಂದು ಹೇಳಿದಳು. ಕುಮಾರಪಟ್ಟಣದಿಂದ ನಿನ್ನೆಯೇ ಬಂದಿದ್ದ ಮಗಳು ಶೀಲಾ ಅಪ್ಪನ ಕೊರಳ ಹಾರವನ್ನು ಸರಿಮಾಡುತ್ತ, “ಅಪ್ಪ ಈಗ ಮಾತಾಡಿದ್ದರ ಏನಂತಿದ್ದ ಗೊತ್ತೈತೇನು? ಹಾರ ಚಲೋ ಐತಿ, ಆದ್ರ…” ಎಂದು ನಿಲ್ಲಿಸಿದಳು. ಅಳುತ್ತಿದ್ದ ಹೆಂಗಸರೆಲ್ಲ ಒಮ್ಮೆಲೇ ನಕ್ಕರು. ಅವನ ಆ ‘ಆದ್ರ’ ಊರಿಗೆಲ್ಲ ಗೊತ್ತಿತ್ತು. ಯಾರೇ ಹೊಸ ಗಿಟಾರು ತಂದು ತೋರಿಸಲಿ, ಮೊದಲು ‘ಚಲೋ ಐತಿ’ ಅನ್ನುತ್ತಿದ್ದ, ಆಮೇಲೆ ‘ಆದ್ರ’ ಅನ್ನುತ್ತಿದ್ದ, ಅದರ ಹಿಂದೆಯೇ ಸ್ಕ್ರೂ ಡ್ರೈವರ್ ಕೈಗೆ ಬರುತ್ತಿತ್ತು.

ಎಲ್ಲರೊಡನೆ ಗದಿಗೆವ್ವಳೂ ನಕ್ಕಳು. ಇಷ್ಟು ಜನ ತನ್ನ ಗಂಡನನ್ನು ನೆನೆಯುವುದು ಕಂಡು ಅವಳ ಎದೆ ತುಂಬಿ ಬಂದಿತ್ತು. ಆದರೆ ಒಳಗೊಳಗೆ ಒಂದು ಮಾತು ಕೊರೆಯುತ್ತಿತ್ತು. ಮೂರು ಗಂಟೆಗೆ ಇವರನ್ನು ಎತ್ತುತ್ತಾರೆ. ಅಷ್ಟರೊಳಗೆ ಇವರ ಒಂದು ಪ್ರಶ್ನೆಗೆ ಖರೇ ಉತ್ತರ ಕೊಡಬೇಕು.

*

ಲಗ್ನವಾದ ಹೊಸತರಲ್ಲಿ ಶಂಭುಲಿಂಗ ಅವಳನ್ನು ರಾಣೇಬೆನ್ನೂರಿನ ಒಂದು ಪ್ರೋಗ್ರಾಮಿಗೆ ಕರೆದೊಯ್ದಿದ್ದ. ಮುಂದಿನ ಸಾಲಿನ ಕುರ್ಚಿ, ಜರಿಸೀರೆ, ಮುಡಿತುಂಬ ಅಬ್ಬಲಿಗೆ ಹೂವು. ಸ್ಟೇಜಿನ ಹಿಂದಿನ ಮೂಲೆಯಲ್ಲಿ ಗಂಡ ನಿಂತಿದ್ದ, ಬೆರಳು ಆಡುತ್ತಿದ್ದವು. ಅವಳಿಗೆ ಹಾಡುವವರ ದನಿ ಕೇಳಿತು, ಡ್ರಮ್ ಕೇಳಿತು, ಕೀಬೋರ್ಡ್ ಕೇಳಿತು. ಗಂಡನದು ಇದರಲ್ಲಿ ಯಾವುದು ಎಂದು ಕಿವಿ ಎಷ್ಟು ಅಗಲಿಸಿದರೂ ತಿಳಿಯಲಿಲ್ಲ. ಮನೆಗೆ ಬರುವಾಗ ಅವನು ಕೇಳಿದ, “ನಂದು ಕೇಳಿಸ್ತೇನು?”

“ಕೇಳಿಸ್ತ್ರಿ,” ಅಂದುಬಿಟ್ಟಳು. ಹೊಸ ಮದುವಣಗಿತ್ತಿ ಮತ್ತೇನು ಹೇಳಿಯಾಳು. ಮಾತು ತಪ್ಪಿಸಲಿಕ್ಕೆಂದು ಸ್ಟೇಜಿನ ಬದಿಗೆ ಇಟ್ಟಿದ್ದ ಹಾಳು ಜನರೇಟರಿನ ಮೇಲೆ ದೂರು ಹೇಳಿದಳು: ಕುರ್ಚಿ ಅದರುತ್ತಿತ್ತು, ಅಂಗಾಲಿನಿಂದ ನಡುಕ ಮೇಲಕ್ಕೆ ಏರುತ್ತಿತ್ತು, ಅದನ್ನು ದೂರ ಇಡಿಸಬಾರದೇನು. ಶಂಭುಲಿಂಗ ಅವಳ ಮುಖವನ್ನೇ ನೋಡಿ, ಬಸ್ಸಿನಲ್ಲಿದ್ದವರೆಲ್ಲ ತಿರುಗುವಂತೆ ನಕ್ಕಿದ್ದ. ಅವಳಿಗೆ ನಾಚಿಕೆಯಾಗಿ ಸೆರಗು ಬಾಯಿಗೆ ಹಿಡಿದಿದ್ದಳು.

ಆಮೇಲೆ ಅದೊಂದು ರೂಢಿಯೇ ಆಯಿತು. ಪ್ರತಿ ಪ್ರೋಗ್ರಾಮು ಮುಗಿದ ಮೇಲೆ “ನಂದು ಕೇಳಿಸ್ತೇನು?” ಅವಳು “ಕೇಳಿಸ್ತ್ರಿ.” ಹಿಂದೆಯೇ “ಜನರೇಟರ್ ಹೆಂಗಿತ್ತು?” ಅವಳು “ಅದರ ಮನಿ ಹಾಳಾಗ್ಲಿ.” ಅವನಿಗೆ ನಗೆಯೋ ನಗೆ. ಗಂಡ ಚೇಷ್ಟೆ ಮಾಡುತ್ತಾನೆಂದು ಅವಳು ಅದರ ಗೊಡವೆಗೆ ಹೋಗಲಿಲ್ಲ. ಆದರೆ ‘ಕೇಳಿಸ್ತ್ರಿ’ ಎಂಬ ಸುಳ್ಳು ಮಾತ್ರ ವರ್ಷ ವರ್ಷಕ್ಕೆ ಭಾರವಾಗುತ್ತ ಬಂತು.

ಹಾಗಾದರೆ ಮನೆಯಲ್ಲಾದರೂ ಕೇಳಬಹುದಿತ್ತಲ್ಲ ಅಂತೀರಿ. ಮನೆಯಲ್ಲಿ ಆ ಗಿಟಾರಿಗೆ ದನಿಯೇ ಇರಲಿಲ್ಲ. ಆಂಪ್ಲಿಫೈಯರು, ಸ್ಪೀಕರು ಎಲ್ಲ ರಾಣೇಬೆನ್ನೂರಿನ ಪಾರ್ಟಿಯ ಕೋಣೆಯಲ್ಲಿ. ಮನೆಗೊಂದು ಸಣ್ಣದು ತರಬಾರದೇ ಎಂದರೆ, ಸಣ್ಣ ಡಬ್ಬಿಯಲ್ಲಿ ಬೇಸು ಕೆಮ್ಮುತ್ತದೆ, ಕೇಳಲಿಕ್ಕೆ ಜೀವ ಬರುವುದಿಲ್ಲ ಎನ್ನುತ್ತಿದ್ದ. ಊಟವಾದ ಮೇಲೆ ಗಿಟಾರು ತೊಡೆಯ ಮೇಲಿಟ್ಟುಕೊಂಡು, ಅದರ ಒಡಲಿನಿಂದ ಮೇಲಕ್ಕೆ ಚಾಚಿದ ಕೊಂಬಿಗೆ ಗದ್ದ ಊರಿ, ಕಣ್ಣು ಮುಚ್ಚಿ ತಂತಿ ಮೀಟುತ್ತ ಕೂರುತ್ತಿದ್ದ. ಅವಳಿಗೆ ಕೇಳುತ್ತಿದ್ದುದು ಬೆರಳಿನ ಟಪ್ ಟಪ್ ಅಷ್ಟೇ. ನಿದ್ದೆ ಬಂದರೆ ಹಾಸಿಗೆ ಇದೆಯಲ್ಲ ಎಂದು ಅವಳು ಕಾಡಿದರೆ ಗದ್ದ ಎತ್ತದೆಯೇ ನಗುತ್ತಿದ್ದ.

*

ಮಧ್ಯಾಹ್ನ ಒಂದರ ಸುಮಾರಿಗೆ ಪಾರ್ಟಿಯವರ ಟೆಂಪೋ ಬಂತು. ರಾತ್ರಿ ಗಂಗಾವತಿಯಲ್ಲಿ ಪ್ರೋಗ್ರಾಮು ಮುಗಿಸಿ ಸಾಮಾನು ಸಮೇತ ಸೀದಾ ಇಲ್ಲಿಗೇ ಬಂದಿದ್ದರು. ಮೊದಲು ಇಳಿದವನು ಜಮೀರ್. ಹಾವೇರಿಯ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟವನು. ಶಂಭುಲಿಂಗನ ಕೈಯಲ್ಲೇ ಬೇಸ್ ಕಲಿತವನು. ಕಾಕಾ ಎಂದೇ ಕರೆಯುತ್ತಿದ್ದ ಗುರುವಿನ ಕಾಲು ಮುಟ್ಟಿ ಅಲ್ಲೇ ಕುಸಿದು ಕುಳಿತ. ಹಿಂದೆ ರಾಣೇಬೆನ್ನೂರಿನ ಚನ್ನೇಶ ಬಂದ. ಐದು ತಂತಿಯ ವಿದೇಶಿ ಬೇಸು ಇಟ್ಟುಕೊಂಡವನು.

ಅತ್ತು ಮುಗಿದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕುಳಿತು ಮಾತಿಗಿಳಿದರು. ಮಾತು ಮತ್ತೇನು, ಬೇಸುಗಳದ್ದೇ. ಕಾಕಾಗೆ ತನ್ನ ಐದು ತಂತಿಯದೇ ಮನಸ್ಸಿಗೆ ಬಂದಿತ್ತು ಎಂದು ಚನ್ನೇಶ. ಅದಕ್ಕೆ ಬರೇ ನೋಟ ಐತಿ, ಕೋಲ್ಕತ್ತಾದಲ್ಲಿ ಮಾಡಿದ ಕಾಕಾನ ಹಳೆಯ ಗಿಟಾರಿನ ಮುಂದೆ ಅದು ಎಲ್ಲಿ ನಿಲ್ಲುತ್ತದೆ ಎಂದು ಜಮೀರ್. ಶಂಭುಲಿಂಗ ಆ ಹಳೆಯದನ್ನು ಹುಬ್ಬಳ್ಳಿಯ ಮುಚ್ಚಿದ ಆರ್ಕೆಸ್ಟ್ರಾದಿಂದ ತಂದಿದ್ದ. ತಂತಿ ಕೂರುವ ಹಿತ್ತಾಳೆಯ ಪಟ್ಟಿಯನ್ನು ಲೇತಿನಲ್ಲಿ ಮಾಡಿಸಿದ್ದ, ಗುಂಡಿಗಳನ್ನು ಹಳೆಯ ರೇಡಿಯೋದಿಂದ ಕಿತ್ತು ಹಾಕಿದ್ದ, ಹಿಡಿಕೆಯನ್ನು ತನ್ನ ಕೈಯಳತೆಗೆ ಕೆತ್ತಿ ತೆಳ್ಳಗೆ ಮಾಡಿದ್ದ. ಸತ್ತವನು ಒಳಗೆ ಕುಳಿತಿರುವಾಗಲೇ ಇಬ್ಬರೂ ಒಬ್ಬರದನ್ನೊಬ್ಬರು ತೂಗಿ ನೋಡುವುದು ಕಂಡು ಉಡಚವ್ವನಿಗೆ ಸಿಟ್ಟು ಬಂತು. ಗದಿಗೆವ್ವನಿಗೆ ಮಾತ್ರ ಸಮಾಧಾನವಾಯಿತು. ಇವರೂ ಇದ್ದಿದ್ದರೆ ಅದನ್ನೇ ಮಾಡುತ್ತಿದ್ದರು.

ಅವಳು ಜಮೀರನನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು. “ಒಂದು ಮಾತು ಹೇಳತೇನಿ, ನಗಬ್ಯಾಡ. ನಿಮ್ಮ ಕಾಕಾ ಬಾರಿಸಿದ್ದು ನನಗ ಒಂದ ದಿನಾನೂ ಕೇಳಿಲ್ಲಪಾ.”

ಜಮೀರನಿಗೆ ತಿಳಿಯಲಿಲ್ಲ. ಎಲ್ಲ ಪ್ರೋಗ್ರಾಮಿಗೂ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವಳು ಇವಳು.

“ಕುಂತಿದ್ದೆ. ಎಲ್ಲಾರದೂ ಕೇಳ್ತಿತ್ತು, ಅವರದ ಯಾವುದು ಅಂತ ಗೊತ್ತಾಗಲಿಲ್ಲ. ಕೇಳಿಸ್ತ್ರಿ ಅಂತ ಸುಳ್ಳ ಹೇಳಕೋತ ಬಂದೆ. ಮಣ್ಣಿಗೆ ಒಯ್ಯೂದ್ರಾಗ ಒಮ್ಮೆ ಬಾರಿಸು. ಖರೇ ಕೇಳಿ, ಖರೇ ಹೇಳಿ ಕಳಸಬೇಕು ಅವರನ್ನ.”

ಜಮೀರ್ ನಗಬಾರದು ಅಂದುಕೊಂಡರೂ ನಕ್ಕ, ಕಣ್ಣಲ್ಲಿ ನೀರು ಬಂತು. ತನ್ನ ಮನೆಯಾಕೆ ಇಂದಿಗೂ ಆ ನಾಲ್ಕು ತಂತಿಯದು ಯಾಕೆ ಬೇಕು ಎಂದು ಕೇಳುತ್ತಾಳೆ ಅಂದ. ಆಮೇಲೆ ಅವಳ ಕೈ ನೋಡಿ ಮೆಲ್ಲಗೆ ಹೇಳಿದ, “ಕಾಕು, ಆ ಬೇಸಿನ ಒಳಗ ದನಿ ಹಿಡಿಯೋ ಕಾಯಿಲ್ ಸುತ್ತಿದಾಕಿ ನೀವಲ್ಲೇನು? ಊರಿಗೆಲ್ಲಾ ಕೇಳಿಸಿದ್ದು ನಿಮ್ಮ ತಂತಿಯಾಗಿಂದನ.”

ಹೌದು, ಅದೊಂದು ಮಳೆಗಾಲ ಶಂಭುಲಿಂಗನ ಬೆರಳಿಗೆ ಪೆಟ್ಟಾದಾಗ ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಅವಳೇ ಸುತ್ತಿದ್ದಳು. ಬತ್ತಿ ಹೊಸೆದ ಕೈ ಹಗುರ ಇರುತ್ತದೆ, ನೀನೇ ಸುತ್ತು ಎಂದಿದ್ದ. ಏನು, ಎತ್ತ ಎಂದು ಅವಳು ಕೇಳಿರಲಿಲ್ಲ. ಈಗ ಆ ಕೈಯನ್ನೇ ಒಮ್ಮೆ ನೋಡಿಕೊಂಡಳು.

ಜಮೀರ್ ಜಟ್ಟೆಪ್ಪನವರಿಗೆ ವಿಷಯ ತಿಳಿಸಿದ. ಅವರು ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರ ಕಡೆ ನೋಡಿದರು, ಗದಿಗೆವ್ವನ ಕಡೆ ನೋಡಿದರು. ಭಜನೆಯವರು ಚಹಾ ಕುಡಿಯುವತನಕ ಬಾರಿಸಿರಿ ಎಂದು ತಾವೇ ಒಪ್ಪಿಗೆ ಕೊಟ್ಟರು. ಟೆಂಪೋದಿಂದ ಆಂಪ್ಲಿಫೈಯರು ಇಳಿಯಿತು, ಸ್ಪೀಕರು ಇಳಿಯಿತು, ವೈರು ಎಳೆದದ್ದಾಯಿತು. ಚನ್ನೇಶ ಪಿನ್ನು ಸಿಕ್ಕಿಸಲು ಬಗ್ಗಿದ್ದಾನೆ, ಮೇಲೆ ತಿರುಗುತ್ತಿದ್ದ ಫ್ಯಾನು ನಿಧಾನವಾಗಿ ನಿಂತಿತು. ಕರೆಂಟು ಹೋಗಿತ್ತು.

ಲೈನ್‌ಮನ್‌ಗೆ ಫೋನು ಮಾಡಿದರೆ ತಂತಿ ಕೆಲಸ ನಡೆದಿದೆ, ಐದರ ಮೇಲೇ ಬರುತ್ತದೆ ಎಂದ. ಪೆಂಡಾಲಿನವರ ಜನರೇಟರು ಹಾವೇರಿಯ ಲಗ್ನಕ್ಕೆ ಹೋಗಿತ್ತು. ಜಟ್ಟೆಪ್ಪನವರು ತಾವೇ ಫೋನು ಹಿಡಿದು ನಾಲ್ಕು ಕಡೆ ಕೇಳಿದರು, ಎಲ್ಲೂ ಆಗಲಿಲ್ಲ. ಹೊರಗೆ ಅವನನ್ನು ಕೂರಿಸಿ ಒಯ್ಯುವ ವಿಮಾನಕ್ಕೆ ಬಾಳೆಕಂಬ ಕಟ್ಟಿ ಮುಗಿಸಿದ್ದರು. ಕುಣಿ ತಯಾರಾಗಿದೆ, ಹೊತ್ತು ಮೀರಿಸುವುದು ಬೇಡ ಎಂದು ಅಯ್ಯನವರು ತಗ್ಗಿದ ದನಿಯಲ್ಲೇ ಹೇಳಿದರು.

ಗದಿಗೆವ್ವ ಗಂಡನ ಮಗ್ಗುಲಿಗೆ ಹೋಗಿ ಕುಳಿತಳು. ಹಣೆಯ ವಿಭೂತಿ ಒಂದು ಕಡೆ ಉದುರಿತ್ತು, ಮತ್ತೆ ಹಚ್ಚಿದಳು. ಬಿಳಿಯ ಬೆರಳಿನಿಂದಲೇ ತನ್ನ ಗದ್ದದ ಕಣ್ಣೀರು ಒರೆಸಿಕೊಂಡಳು. ಹೋಗ್ಲಿ ಬಿಡ್ರಿ, ಸುಳ್ಳು ಹೇಳಿದ ಹೆಂಡತಿಯಾಗೇ ಉಳಿದೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಜಮೀರ್ ಗಿಟಾರು ಎತ್ತಿ ಬದಿಗೆ ಇಡಬೇಕೆಂದು ಬಗ್ಗಿದವನು ಹಾಗೇ ನಿಂತ. ಮೇಲಿನ ಕೊಂಬಿನ ತುದಿಯಲ್ಲಿ ಕಂದು ಬಣ್ಣ ಹೋಗಿ ಒಳಗಿನ ಮರ ಕಾಣುತ್ತಿತ್ತು. “ಕಾಕು, ಇದು ಯಾಕ ಸವದೈತಿ ಗೊತ್ತೇನು?”

“ತೂಕಡಿಸಿ, ತೂಕಡಿಸಿ,” ಎಂದಳು ಗದಿಗೆವ್ವ.

“ತೂಕಡಿಸಿದ್ದಲ್ಲರಿ. ಕಾಕಾ ಕೇಳಿದ್ದು ಅಲ್ಲಿಂದನ. ಗದ್ದ ಊರಿದ್ರ ಎಲುಬಿನಾಗ ಬರತೈತಿ. ಯಾರ ಬೇಸ್ ತಂದ್ರೂ ಹಿಂಗ ಕೇಳೇ ‘ಆದ್ರ’ ಅಂತಿದ್ದರು. ಇದಕ್ಕ ಕರೆಂಟ್ ಬೇಕಾಗಿಲ್ಲ.”

ಅವನು ಗಿಟಾರನ್ನು ಅವಳ ತೊಡೆಯ ಮೇಲಿಟ್ಟ. ಅಬ್ಬಾ, ಎಂಥ ಭಾರ. ಇದನ್ನು ಕೊರಳಿಗೆ ಹಾಕಿಕೊಂಡು ಇಡೀ ಪ್ರೋಗ್ರಾಮು ನಿಲ್ಲುತ್ತಿದ್ದರಲ್ಲ ಎಂದು ಅವಳಿಗೆ ಈಗ ಗೊತ್ತಾಯಿತು. ಆ ಸವೆದ ಜಾಗಕ್ಕೆ ಗದ್ದ ಊರಿದಳು. ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಜಮೀರ್ ತೋರಿಸಿದ, ಅವಳು ಹೆಬ್ಬೆರಳಿನಿಂದ ಮೀಟಿ ಬಿಟ್ಟಳು.

ಪಡಸಾಲೆಯಲ್ಲಿ ಯಾರಿಗೂ ಏನೂ ಕೇಳಲಿಲ್ಲ. ಭಜನೆಯವರು ತಾಳ ಹಿಡಿದು ಸುಮ್ಮನೆ ನೋಡುತ್ತಿದ್ದರು. ಅವಳಿಗೆ ಮಾತ್ರ ಹಲ್ಲಿನ ಬುಡದಲ್ಲಿ, ಕಿವಿಯ ಹಿಂದೆ, ತಲೆಯ ತುಂಬ ಒಂದು ದಪ್ಪನೆಯ ದನಿ ತುಂಬಿಕೊಂಡಿತು. ಎದೆಗೆ ಇಳಿಯಿತು, ಬಹಳ ಹೊತ್ತು ಇದ್ದು ಸಾವಕಾಶ ಕರಗಿತು. ಇನ್ನೊಮ್ಮೆ ಮೀಟಿದಳು. ಆ ನಡುಕ ಅವಳಿಗೆ ಹೊಸದಲ್ಲ. ರಾಣೇಬೆನ್ನೂರಿನ ಮೈದಾನ, ಮುಂದಿನ ಸಾಲು, ಅದರುವ ಕುರ್ಚಿ, ಅಂಗಾಲಿನಿಂದ ಮೇಲಕ್ಕೆ ಏರುತ್ತಿದ್ದದ್ದು ಇದೇ.

“ಅಯ್ಯ ಶಿವನ, ಇದು ಜನರೇಟರ್ ಅಲ್ಲೇನು,” ಎಂದಳು.

ಶೀಲಾ ಅರ್ಥವಾಗದೆ “ಏನವ್ವಾ?” ಎಂದು ಹತ್ತಿರ ಬಂದಳು. ಗದಿಗೆವ್ವ ಅಳುತ್ತ ನಗುತ್ತಿದ್ದಳು. ಮೂವತ್ತು ವರ್ಷ ಇವರು ನಕ್ಕದ್ದು ಯಾಕೆಂದು ಈಗ ತಿಳಿಯಿತು. ಜನರೇಟರೆಂದು ಬೈದುಕೊಂಡೇ ತಾನು ಒಂದು ಪ್ರೋಗ್ರಾಮೂ ಬಿಡದೆ ಇವರದನ್ನು ಕೇಳಿದ್ದಳು, ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಇಂಥವನ ಜೋಡಿ ಬಾಳಿಸಿದ ದೇವರಿಗೆ ಮನಸ್ಸಿನಲ್ಲೇ ಕೈಮುಗಿದಳು. ಆಮೇಲೆ ಗಂಡನ ಕಿವಿಯ ಹತ್ತಿರ ಬಗ್ಗಿದಳು.

“ಕೇಳಿಸ್ತ್ರಿ,” ಎಂದಳು.

ಜಟ್ಟೆಪ್ಪನವರು ಸನ್ನೆ ಮಾಡಿದರು. ತಾಳಗಳು ಒಟ್ಟಿಗೆ ಎದ್ದವು, ನಾಲ್ಕು ಜನ ಶಂಭುಲಿಂಗನನ್ನು ಎತ್ತಿ ವಿಮಾನಕ್ಕೆ ಒಯ್ದರು. ಖಾಲಿಯಾದ ಗೋಡೆಯ ಹತ್ತಿರ ಜಮೀರ್ ಗಿಟಾರನ್ನು ಚೀಲಕ್ಕೆ ಹಾಕುವ ಮುಂಚೆ, ಕಾಕಾ ಕಲಿಸಿದ್ದಂತೆ, ಒರೆಸಲು ಕಿಸೆಯಿಂದ ಅರಿವೆ ತೆಗೆದ. ಕೊಂಬಿನ ತುದಿಯಲ್ಲಿ, ಬಣ್ಣ ಸವೆದ ಜಾಗದಲ್ಲಿ, ಅವಳ ಗದ್ದದ ವಿಭೂತಿ ಬೆಳ್ಳಗೆ ಅಂಟಿತ್ತು. ಅವನು ಅರಿವೆಯನ್ನು ಮಡಚಿ ಮತ್ತೆ ಕಿಸೆಗೆ ಹಾಕಿಕೊಂಡ.