ಕನ್ನಡಿಯ ನಕ್ಷತ್ರ

ಒಂದೂ ತಪ್ಪಾಗಲಿಲ್ಲ. ಗೋಪಿನಾಥರು ಸ್ಟಾಪ್‌ವಾಚ್ ಒತ್ತುವುದನ್ನೇ ಮರೆತು ಹೆಂಡತಿಯ ಕೈ ನೋಡುತ್ತ ಕೂತರು.

ಊಟದ ಮೇಜಿನ ಮೇಲೆ ಕನ್ನಡಿಯ ಹಲಗೆ. ಹಾಳೆಯಲ್ಲಿ ಜೋಡಿಗೆರೆಯ ನಕ್ಷತ್ರ. ಬರೆಯುವವರಿಗೆ ತಮ್ಮ ಕೈ ಕಾಣದಂತೆ ಅಡ್ಡ ಒಂದು ತಗಡು. ಎದುರಿನ ಕನ್ನಡಿಯಲ್ಲಷ್ಟೇ ಕಾಣಬೇಕು, ಅದೂ ತಲೆಕೆಳಗಾಗಿ. ಅದನ್ನು ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲ್ ನಡೆಸಬೇಕು. ಎಂಥ ಬುದ್ಧಿವಂತನೂ ಮೊದಲ ಮೂಲೆಯಲ್ಲಿ ಒದ್ದಾಡುತ್ತಾನೆ. ದಿನದಿಂದ ದಿನಕ್ಕೆ ಒದ್ದಾಟ ಕಡಿಮೆಯಾಗುತ್ತದೆ. ಕಲಿಕೆ ಎಂದರೆ ಅದೇ ಎಂದು ಗೋಪಿನಾಥರು ಜೀವಮಾನವಿಡೀ ಪಾಠ ಹೇಳಿದ್ದರು.

ಹಲಗೆಯನ್ನು ಬೆಳಿಗ್ಗೆಯಷ್ಟೇ ವಿಶ್ವವಿದ್ಯಾಲಯದಿಂದ ತಂದಿದ್ದರು. ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು ಖಾಲಿ ಮಾಡಿ ಕಂಪ್ಯೂಟರು ಕೂರಿಸುತ್ತಿದ್ದರು. ಬೇಕಾದ್ದನ್ನು ಒಯ್ಯಿರಿ ಸಾರ್, ಉಳಿದದ್ದು ಗುಜರಿಗೆ ಎಂದಿದ್ದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಮನೆಯಿದ್ದ ಮೆಹದಿಪಟ್ಟಣಂವರೆಗೆ ಬಂದರು. ಅಮೀರ್‌ಪೇಟ್‌ನ ಕಂಪ್ಯೂಟರ್ ತರಗತಿಗಳಿಗೆ ಹೊರಟಿದ್ದ ಹುಡುಗರು ಮುಖ ತಗ್ಗಿಸಿ ಅದರ ಕನ್ನಡಿಯಲ್ಲಿ ತಲೆ ಬಾಚಿಕೊಂಡರು.

ಸಂಜೆ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಅವರ ಉಪನ್ಯಾಸವಿತ್ತು. ‘ಸಿಬ್ಬಂದಿಯ ಮನಸ್ಸನ್ನು ಅರಿಯುವುದು ಹೇಗೆ?’ ನಿವೃತ್ತರಾದ ಮೇಲೆ ಬಂದ ಮೊದಲ ಕರೆ. ಏರ್ಪಡಿಸಿದ್ದು ಮೈಸೂರಿನ ಲಹರಿ ಎಂಬ ಹುಡುಗಿ, ಅಲ್ಲಿನ ಎಚ್.ಆರ್. ವಿಭಾಗದವಳು. ಹಲಗೆಯನ್ನು ಅಲ್ಲಿ ತೋರಿಸುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ವಾಸಂತಿಯನ್ನು ಕೂರಿಸಿದ್ದರು. ಮದುವೆಯಾದ ಹೊಸದರಲ್ಲಿ ಪಿಎಚ್.ಡಿ.ಗೂ ಅವಳನ್ನೇ ಕೂರಿಸಿದ್ದರು. ಪ್ರಬಂಧದಲ್ಲಿ ಅವಳ ಹೆಸರು ‘ಸಬ್ಜೆಕ್ಟ್ ವಿ’. ಅವಳ ತಪ್ಪುಗಳು ಇಳಿಯುತ್ತ ಹೋದ ಗ್ರಾಫಿನ ಆ ನುಣುಪಾದ ಗೆರೆಯನ್ನು ಎಷ್ಟೋ ತಂಡದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದರು.

"ಕನ್ನಡಿ ನೋಡಲೇ ಇಲ್ಲಲ್ಲ ನೀ?" ಗೋಪಿನಾಥರು ಕೇಳಿದರು.

"ನೋಡಿದ್ರ ತಪ್ಪತೈತ್ರಿ. ನಾ ಕಿಡಕಿ ನೋಡ್ತೀನಿ. ಕೈಗೆ ಗೊತ್ತೈತಿ."

"ಯಾವಾಗಿನಿಂದ?"

"ಆವಾಗಿನಿಂದನ. ಮೊದಲನೇ ದಿನ ತಪ್ಪಿದ್ದು ಖರೇ. ಮರುದಿನ ಬಂದುಬಿಡ್ತು."

"ಮತ್ತ ಅಷ್ಟು ದಿನ ತಪ್ಪಿದ್ದು?"

ವಾಸಂತಿ ಪೆನ್ಸಿಲ್ ಕೆಳಗಿಟ್ಟಳು. "ನೀವ ಹೇಳಿದ್ರಲ್ಲ. ಪ್ರಯೋಗ ಸುರು ಮಾಡೂಕಿಂತ ಮೊದಲ ಆ ಗೆರಿ ಬರದು ತೋರ್ಸಿದ್ರಿ. ಹಿಂಗ ಮೆಲ್ಲಕ ಇಳೀಬೇಕು ಅಂದ್ರಿ. ಇಳಿಸಿದೆ."

ಗೋಪಿನಾಥರಿಗೆ ನೆನಪಾಯಿತು. ಹೌದು, ತೋರಿಸಿದ್ದರು. ಹೊಸ ಹೆಂಡತಿ, ಹೊಸ ಸಂಶೋಧನೆ, ಖುಷಿ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಿರಲಿಲ್ಲ. ಏನನ್ನು ನಿರೀಕ್ಷಿಸುತ್ತಿದ್ದೀರೆಂದು ಸಬ್ಜೆಕ್ಟ್‌ಗೆ ಯಾವ ಕಾರಣಕ್ಕೂ ಹೇಳಬೇಡಿ ಎಂದು ಪ್ರತಿ ವರ್ಷ ಮೊದಲ ಪಾಠದಲ್ಲೇ ಗುಡುಗುತ್ತಿದ್ದವರು ಅವರೇ. ನಾಚಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಎಂಬುದು ಗೊತ್ತಾಗಲಿಲ್ಲ.

"ಯಾಕ ಹಂಗ ಮಾಡಿದಿ?"

"ದಿನಾ ಸಂಜೀಕ ನನ್ನ ಎದುರಿಗೆ ಕೂಡತಿದ್ರಿ. ನನ್ನ ಕೈನ ನೋಡತಿದ್ರಿ. ಒಂದ ದಿನಕ್ಕ ಮುಗಿಸಿಬಿಟ್ಟಿದ್ರ ನಾಳೆ ಕೂಡತಿದ್ರೇನು?" ಅವಳು ಎದ್ದು ಚಹಾದ ಕಪ್ಪು ತೆಗೆದುಕೊಂಡಳು. "ಮುಗಿದ ಮ್ಯಾಲ ಕೂಡಲೇ ಇಲ್ಲ."

ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು. ಗೋಪಿನಾಥರು ಒಂದೊಂದಾಗಿ ನೆನೆದರು. ಅವಳ ನಗು, ಕಲಬುರಗಿ ಬಿಟ್ಟು ಬಂದಾಗ "ನನಗೇನ ಬ್ಯಾಸರಿಲ್ಲ" ಅಂದದ್ದು, ಅವರ ಲೇಖನ ಅಚ್ಚಾದಾಗಲೆಲ್ಲ "ಭಾಳ ಚಲೋ ಬಂದೈತಿ" ಅಂದದ್ದು. ಅವೆಲ್ಲ ಯಾವ ಗೆರೆಯ ಮೇಲಿನ ಚುಕ್ಕಿಗಳು? ಅಥವಾ ಇವತ್ತಿನದೇ ಸುಳ್ಳೋ? ಸಂಜೆಯ ಉಪನ್ಯಾಸಕ್ಕೆ ತಾವು ಹೋಗುವುದು ಅವಳಿಗೆ ಇಷ್ಟವಿಲ್ಲವೋ ಏನೋ. ಕೇಳಿರಲೇ ಇಲ್ಲ.

"ವಾಸಂತಿ, ಈಗ ಹೇಳಿದ್ದು ಖರೇನ?"

ನಲ್ಲಿ ನಿಂತಿತು. "ನಿಮಗ ಯಾವುದು ಬೇಕ್ರಿ?"

ಕುಹಕವೋ, ಕರುಣೆಯೋ, ಅಭ್ಯಾಸವೋ. ಧ್ವನಿಯಿಂದ ಭಾವ ಗುರುತಿಸುವ ಬಗ್ಗೆ ಅವರು ಒಂದು ಅಧ್ಯಾಯವನ್ನೇ ಬರೆದಿದ್ದರು. ಅದರಲ್ಲಿ ಏನು ಬರೆದಿದ್ದೆನೆಂದು ನೆನಪಿಸಿಕೊಳ್ಳಲು ನೋಡಿದರು, ಆಗಲಿಲ್ಲ.

ಫೋನು ಹೊಡೆದುಕೊಂಡಿತು.

"ಸಾರ್, ಲಹರಿ ಮಾತಾಡ್ತಿರೋದು. ಕಾರು ನಿಮ್ಮ ಮನೆ ಹತ್ರ ಬಂದಿದೆ. ಆ ಮಿರರ್ ಬೋರ್ಡ್ ತರ್ತೀರಲ್ವಾ? ಎಲ್ರೂ ಕಾಯ್ತಿದಾರೆ."

"ಹೂಂ... ಒಂದೇ ನಿಮಿಷ. ಒಂದು ಸಣ್ಣ ಕೆಲಸ ಇದೆ."

"ಏನಾದ್ರೂ ತೊಂದರೇನಾ ಸಾರ್?"

"ಇಲ್ಲ ಇಲ್ಲ."

ಫೋನಿಟ್ಟು ಹೆಂಡತಿ ಕೂತಿದ್ದ ಕುರ್ಚಿಯಲ್ಲಿ ಕೂತರು. ಇಷ್ಟು ವರ್ಷ ಹಲಗೆಯ ಈ ಬದಿಗೆ ಅವರು ಕೂತದ್ದೇ ಇಲ್ಲ. ಹೊಸ ಹಾಳೆ ಹಾಕಿದರು. ತಗಡಿನಡಿ ಕೈ ತೂರಿಸಿ ಕನ್ನಡಿ ನೋಡಿದರು. ಬೆರಳುಗಳು ಎದುರಿನಿಂದ ಬಂದಿದ್ದವು, ಯಾರೋ ಮುದುಕ ಆಚೆ ಕೂತು ಪೆನ್ಸಿಲ್ ಚಾಚಿದ ಹಾಗೆ.

ಮೊದಲ ಗೆರೆ ಹೇಗೋ ಸಾಗಿತು. ಮೂಲೆ ಬಂತು. ಕೈ ಆಚೆ ಹೋಗು ಅಂದರೆ ಈಚೆ ಬಂತು, ಈಚೆ ಅಂದರೆ ಅಲ್ಲೇ ನಡುಗಿತು. ಕಣ್ಣು ಮುಚ್ಚಿ ನೋಡಿದರು. ಕೈಗೆ ಏನೂ ಗೊತ್ತಿರಲಿಲ್ಲ.

ಕೆಳಗೆ ಕಾರು ಹಾರ್ನ್ ಮಾಡಿತು. ಕಣ್ಣು ತೆರೆದರೆ ಕನ್ನಡಿಯ ಮೇಲಂಚಿನಲ್ಲಿ ವಾಸಂತಿಯ ಸೀರೆ, ಒದ್ದೆ ಕೈ, ಕೈಯಲ್ಲಿ ಸ್ಟಾಪ್‌ವಾಚ್. ಅವಳ ಮುಖ ಕನ್ನಡಿಗೆ ಸಿಗಲಿಲ್ಲ.

"ನಡೀಲ್ರಿ," ಎಂದಳು. ಗುಂಡಿ ಒತ್ತಿದ ಸದ್ದಾಯಿತು.

ಪೆನ್ಸಿಲು ಅದೇ ಮೂಲೆಯಲ್ಲಿ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಲೇ ಇತ್ತು. ಹಾಳೆ ಹರಿದು ಕೆಳಗಿನ ಹಲಗೆಯ ಮರ ಕಾಣಿಸಿತು.